ಪಿಕಪ್‌ಗೆ ಬೇರೆ ಇಂಜಿನ್ ಕೂರಿಸಿದೆ, ಸೆಲ್ಫ್ ಅರ್ಧ ಸುತ್ತಿಗೇ ನಿಲ್ಲುತ್ತೆ. ಗುಜರಿ ಇಂಜಿನ್ ಜಾಮಾ?

ಕೋಣಂದೂರು ತೋಟ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಮನೆ ಅಂಗಳದಲ್ಲಿ ಗಾಡಿ ಬಿಚ್ಚಿಕೊಂಡು ಕೂತಿದೀನಿ. ಕೊನೆ ಕೊಯ್ಲು ಶುರುವಾಗಿದೆ, ಅಡಿಕೆ ಹರಡೋಕೆ ಜಾಗ ಇಲ್ಲ ಅಂತ ಮನೆಯಲ್ಲಿ ದಿನಾ ಮಂಗಳಾರತಿ. ಎಳ್ಳಮಾವಾಸ್ಯೆ ಜಾತ್ರೆ ಒಳಗೆ ಗಾಡಿ ರೋಡಿಗೆ ಇಳಿಸ್ತೀನಿ ಅಂತ ಮಾತು ಬೇರೆ ಕೊಟ್ಟಿದೀನಿ.

ಗಾಡಿ ಬೊಲೆರೊ ಪಿಕಪ್, 2008ರ ಮಾಡೆಲ್, 2523 ಸಿಸಿ ಡಿಐ. ಕಂಪ್ಯೂಟರ್ ನಡೆಸೋ ಕಾಮನ್ ರೈಲ್ ಅಲ್ಲ, ಹಳೆ ಕಾಲದ ಮೆಕ್ಯಾನಿಕಲ್ ಡೀಸೆಲ್ ಪಂಪು.

ಹಳೆ ಇಂಜಿನ್ ಹೋಗಿದ್ದು ನನ್ನದೇ ತಪ್ಪಿಂದ. ಕುಂದಾಪುರದ ಕಡೆಯಿಂದ ಹಳೆ ಹಂಚು ಹೇರಿಕೊಂಡು ಬಾಳೆಬರೆ ಘಾಟಿ ಹತ್ತುತ್ತಿದ್ದೆ. ದಾರಿ ಮಧ್ಯ ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಸೀಳಿದೆ, ನನಗೆ ಗೊತ್ತೇ ಆಗಲಿಲ್ಲ. ಟೆಂಪರೇಚರ್ ಮುಳ್ಳು ಒಂದು ಸಲ ಮೇಲೆ ಹೋಯ್ತು, ಆಮೇಲೆ ತಾನಾಗಿ ಕೆಳಗಿಳೀತು. ಸದ್ಯ, ತಣ್ಣಗಾಯ್ತಲ್ಲ ಅಂದ್ಕೊಂಡು ಇನ್ನೂ ಎರಡು ತಿರುವು ಹತ್ತಿಸಿದೆ. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುತ್ತೆ, ಮುಳ್ಳು ಇಳಿಯೋದು ಅದಕ್ಕೆ ಅನ್ನೋದು ಇಂಜಿನ್ ಕಚ್ಚಿ ನಿಂತ ಮೇಲೆ ತಿಳಿದ ವಿದ್ಯೆ. ಬಿಚ್ಚಿದರೆ ಮೂರನೇ ಪಿಸ್ಟನ್ ಲೈನರಿಗೆ ಗೀರು ಹೊಡೆದು ಹಿಡ್ಕೊಂಡಿತ್ತು, ಬ್ಲಾಕೂ ಬಿರುಕು. ಬೋರ್ ಮಾಡಿಸೋ ಮಾತೇ ಇರಲಿಲ್ಲ.

ಶಿವಮೊಗ್ಗದ ಗುಜರಿಯೊಂದರಲ್ಲಿ ಅದೇ ಮಾಡೆಲ್ಲಿನ ಇಂಜಿನ್ ಸಿಕ್ತು. ಹಳೆ ಇಂಜಿನ್ ಅವರಿಗೇ ಕೊಟ್ಟು ಮೇಲೆ ದುಡ್ಡು ಹಾಕಿ ತಂದೆ. ಒಂದು ಟನ್ನಿನ ಚೈನ್ ಬ್ಲಾಕ್ ಬಾಡಿಗೆಗೆ ತಂದು, ಕಬ್ಬಿಣದ ಪೈಪಿನ ಮುಕ್ಕಾಲಿ ನಿಲ್ಲಿಸಿ, ನಾನೂ ಭಾವನೂ ಸೇರಿ ಎತ್ತಿ ಕೂರಿಸಿದ್ವಿ. ಕ್ಲಚ್ ಪ್ಲೇಟ್ ನಡುವಿಗೆ ತರೋಕೆ ಟೂಲ್ ಇರಲಿಲ್ಲ. ಅಡಿಕೆ ದಬ್ಬೆ ಒಂದನ್ನ ಕತ್ತಿಯಲ್ಲಿ ಕೆತ್ತಿ, ಇನ್ಸುಲೇಷನ್ ಟೇಪ್ ಸುತ್ತಿ ಅಳತೆಗೆ ತಂದೆ. ಗೇರ್‌ಬಾಕ್ಸ್ ಶಾಫ್ಟ್ ಬೆಣ್ಣೆಯ ಹಾಗೆ ಒಳಗೆ ಹೋಯ್ತು. ಅಷ್ಟಕ್ಕೇ ಗೆದ್ದೆ ಅಂದ್ಕೊಂಡಿದ್ದೆ.

ಈಗ ಕೀ ತಿರುಗಿಸಿದರೆ ಸೆಲ್ಫ್ ಮುಲುಗುತ್ತಾ ಅರ್ಧ ಸುತ್ತು ತಿರುಗಿಸಿ ನಿಲ್ಲುತ್ತೆ. ಬ್ಯಾಟರಿ ಆರು ತಿಂಗಳ ಹಿಂದಿನದು. ಟ್ರ್ಯಾಕ್ಟರ್ ತಂದು ಅದರ ಬ್ಯಾಟರಿಯಿಂದ ಜಂಪ್ ಕೊಟ್ಟೆ, ಅದೇ ಕಥೆ. ಗುಜರಿಯವರು ಜಾಮ್ ಆದ ಇಂಜಿನ್ ಕೊಟ್ಟುಬಿಟ್ರಾ ಅಂತ ಹೊಟ್ಟೆ ಉರೀತಿದೆ. ಇನ್ನೊಂದು ವಿಷಯ, ಸಂಜೆ ಏಳೆಂಟು ಸಲ ಸೆಲ್ಫ್ ಹೊಡೆದ ಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಹುಶಃ ಸೈಲೆನ್ಸರಿಗೆ ಏನೋ ತಾಗಿರಬೇಕು.

ಸಾಗರ ಹಳೇ ಜೀಪ್
ಶನಿವಾರ, ರಾತ್ರಿ 10:05

ಎಂತ ಮಾರಾಯ್ರೆ, ಟ್ರ್ಯಾಕ್ಟರ್ ಅಂಗಳದಲ್ಲೇ ಇದೆ ಅಂತೀರಿ, ಮತ್ತೆ ಎಂತಕ್ಕೆ ತಲೆಬಿಸಿ? ಹಗ್ಗ ಕಟ್ಟಿ ಎಳೆಸಿ, ಮೂರನೇ ಗೇರಿನಲ್ಲಿ ಕ್ಲಚ್ ಬಿಡಿ. ನಾಲ್ಕು ಮಾರು ಹೋಗೋದ್ರೊಳಗೆ ಹತ್ತಿಕೊಳ್ಳುತ್ತೆ. ಎಷ್ಟೋ ದಿನ ನಿಂತ ಇಂಜಿನ್ ಬಿಗಿ ಇದ್ದೇ ಇರುತ್ತೆ. ನನ್ನ ಜೀಪು ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಹೀಗೇ ಎದ್ದೇಳೋದು.

ಕೆಎ14 ಗ್ಯಾರೇಜ್
ಶನಿವಾರ, ರಾತ್ರಿ 10:50

ಎಳೆಸಬೇಡಿ ಯಜಮಾನ್ರೆ. ಜೀಪಿನವರು ಬೇಜಾರು ಮಾಡ್ಕೋಬಾರದು. ಅವರದ್ದು ಅವರ ಗಾಡಿಯಲ್ಲೇ ಓಡಿದ ಇಂಜಿನ್ನು, ಇದು ಎಲ್ಲೋ ಮಲಗಿದ್ದು. ಆಯಿಲ್ ಇನ್ನೂ ಮೇಲೆ ಹತ್ತಿಲ್ಲ, ಪಂಪ್ ಟೈಮಿಂಗ್ (ಡೀಸೆಲ್ ಚಿಮ್ಮೋ ಹೊತ್ತು) ಹೇಗಿದೆಯೋ ಗೊತ್ತಿಲ್ಲ. ಟ್ರ್ಯಾಕ್ಟರ್ ಹಿಂದೆ ಕಟ್ಟಿದರೆ ಒಳಗೆ ಏನಾದರೂ ತಡೆದಿದ್ದರೂ ಅದನ್ನ ಮುರ್ಕೊಂಡೇ ತಿರುಗೋದು.

ಮೊದಲು ಸೆಲ್ಫ್ ಬಿಟ್ಟು ಕೈಯಲ್ಲಿ ನೋಡಿ. ನ್ಯೂಟ್ರಲ್ ಮಾಡಿ, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಉದ್ದ ಹಿಡಿಕೆಯ ಸ್ಪ್ಯಾನರ್ ಹಾಕಿ ಎರಡು ಪೂರ್ತಿ ಸುತ್ತು ತಿರುಗಿಸಿ. ಈ ಇಂಜಿನ್ನಿನ ಬೋರ್ 88.9 ಮಿ.ಮೀ., ಸ್ಟ್ರೋಕ್ 101.6 ಮಿ.ಮೀ. ಮೂರೂವರೆ ಇಂಚು, ನಾಲ್ಕು ಇಂಚು. ಉದ್ದ ಸ್ಟ್ರೋಕಿನ ಡೀಸೆಲ್, ಕಂಪ್ರೆಷನ್ ಬಂದಲ್ಲಿ ಕೈಗೆ ಚೆನ್ನಾಗಿ ಬಿಗಿ ಹತ್ತಬೇಕು, ಒಂದು ಕ್ಷಣ ಹಿಡಿದಿದ್ದರೆ ಸುಸ್ ಅಂತ ಬಿಡಬೇಕು. ಎರಡು ಸುತ್ತಿಗೆ ನಾಲ್ಕು ಸಲ ಹಾಗಾದರೆ ಇಂಜಿನ್ ಜಾಮ್ ಅಲ್ಲ. ಕಲ್ಲಿಗೆ ತಾಗಿದ ಹಾಗೆ ಟಕ್ ಅಂತ ನಿಂತರೆ ಅಲ್ಲೇ ಬಿಡಿ, ಬಲ ಹಾಕಬೇಡಿ.

ಕೊಪ್ಪ ಎಸ್ಟೇಟ್
ಭಾನುವಾರ, ಬೆಳಗ್ಗೆ 7:15

ಸೆಲ್ಫ್ ಮೋಟರ್ ಯಾವುದು ಹಾಕಿದಿರಿ, ನಿಮ್ಮದಾ ಅಥವಾ ಗುಜರಿ ಇಂಜಿನ್ನಿನ ಜೊತೆ ಬಂದದ್ದಾ? ನಮ್ಮಲ್ಲಿ ಒಂದು ಸಲ ಸೆಲ್ಫಿನ ಬುಷ್ ಸವೆದು ಆರ್ಮೇಚರ್ (ತಿರುಗೋ ಭಾಗ) ಒಳಗೇ ಉಜ್ಜುತ್ತಿತ್ತು. ಸದ್ದು ನೀವು ಹೇಳಿದ ಹಾಗೇ, ಹೆರಿಗೆ ನೋವಿನ ಎಮ್ಮೆ ಥರ.

ಮತ್ತೆ, ಸಂಬಂಧ ಇಲ್ಲದ ಮಾತು ಅಂದ್ಕೋಬೇಡಿ, ಗುಜರಿ ಬಿಲ್ಲಿನಲ್ಲಿ ಇಂಜಿನ್ ನಂಬರ್ ಬರೆಸಿಕೊಂಡಿದೀರಾ?

ಕೋಣಂದೂರು ತೋಟ
ಭಾನುವಾರ, ಬೆಳಗ್ಗೆ 11:30

ಗ್ಯಾರೇಜ್ ಅಣ್ಣ ಹೇಳಿದ ಹಾಗೆ ಮಾಡಿದೆ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸಿದರೆ ಎರಡು ಸುತ್ತಿಗೆ ನಾಲ್ಕು ಕಡೆ ಬಿಗಿ, ನಾಲ್ಕು ಕಡೆಯೂ ಸುಸ್. ಅಂದರೆ ಇಂಜಿನ್ ಸರಿ ಇದೆ. ಗುಜರಿಯವರಿಗೆ ಮನಸ್ಸಲ್ಲೇ ಬೈದಿದ್ದು ವಾಪಸ್ ತಗೊಂಡೆ.

ಸೆಲ್ಫ್ ನನ್ನದೇ. ಬಿಚ್ಚಿ ನೆಲದ ಮೇಲಿಟ್ಟು ಜಂಪ್ ಕೇಬಲ್ಲಿನಲ್ಲಿ ಬ್ಯಾಟರಿಗೆ ಕೊಟ್ಟರೆ ಎಗರಿ ಬೀಳುವಷ್ಟು ಜೋರಾಗಿ ತಿರುಗ್ತು. ವಾಪಸ್ ಕಟ್ಟಿ ಕೀ ತಿರುಗಿಸಿದರೆ ಮತ್ತೆ ಅದೇ ಮುಲುಗಾಟ. ವಾಸನೆ ಎಲ್ಲಿಂದ ಅಂತಲೂ ಗೊತ್ತಾಯ್ತು. ಆಕ್ಸಿಲರೇಟರ್ ಕೇಬಲ್. ಮುಟ್ಟಿದೆ, ಬೆರಳು ಸುಡ್ತು. ಇಂಜಿನ್ನೇ ಹತ್ತಿಲ್ಲ, ಸೈಲೆನ್ಸರ್ ತಣ್ಣಗಿದೆ, ಕೇಬಲ್ ಹೇಗೆ ಕಾಯುತ್ತೆ? ಭಾವ ಅಂತೂ ಗಾಡಿಗೆ ದೃಷ್ಟಿ ತೆಗೆಸೋಣ ಅಂತಿದಾರೆ.

ಭದ್ರಾವತಿ ವೈರಿಂಗ್
ಭಾನುವಾರ, ಮಧ್ಯಾಹ್ನ 1:10

ಅಣ್ಣಾ, ಒಂದೇ ಪ್ರಶ್ನೆ. ಟ್ರ್ಯಾಕ್ಟರಿಂದ ಜಂಪ್ ಕೊಟ್ಟಾಗ ಕರಿ ಕ್ಲಿಪ್ ಎಲ್ಲಿಗೆ ಹಾಕಿದ್ರಿ? ನಿಮ್ಮ ಬ್ಯಾಟರಿಯ ಮೈನಸ್ಸಿಗಾ, ಇಂಜಿನ್ನಿಗಾ?

ಕೋಣಂದೂರು ತೋಟ
ಭಾನುವಾರ, ಮಧ್ಯಾಹ್ನ 1:25

ಬ್ಯಾಟರಿ ಮೈನಸ್ಸಿಗೇ. ಎಲ್ಲರೂ ಅಲ್ಲಿಗೇ ಅಲ್ವಾ ಹಾಕೋದು?

ಭದ್ರಾವತಿ ವೈರಿಂಗ್
ಭಾನುವಾರ, ಮಧ್ಯಾಹ್ನ 1:50

ಹಾಗಾದರೆ ಕೀ ಮುಟ್ಟಬೇಡಿ. ಇನ್ನೊಂದು ಸಲ ಸೆಲ್ಫ್ ಹೊಡೆದರೆ ಕೇಬಲ್ ಕೆಂಪಗಾಗಿ ಕ್ಯಾಬಿನ್ನಿಗೇ ಬೆಂಕಿ ಹತ್ತಬಹುದು.

ನಿಮ್ಮ ಇಂಜಿನ್ನಿಗೂ ಚಾಸಿಗೂ ನಡುವೆ ಅರ್ತಿಂಗ್ ಪಟ್ಟಿ ಇಲ್ಲ. ಇದ್ದರೂ ಬಿಟ್ಟುಕೊಂಡಿದೆ. ಇಂಜಿನ್ನೂ ಗೇರ್‌ಬಾಕ್ಸೂ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯೋಲ್ಲ. ಪ್ಲಸ್ಸಿನ ದಪ್ಪ ವೈರು ಸೆಲ್ಫಿಗೆ ನೇರ ಬರುತ್ತೆ, ಆದರೆ ವಾಪಸ್ ಹೋಗೋ ದಾರಿ ಸೆಲ್ಫಿನ ಮೈಯಿಂದ ಇಂಜಿನ್ನಿಗೆ, ಇಂಜಿನ್ನಿಂದ ಆ ಪಟ್ಟಿಯ ಮೂಲಕ ಚಾಸಿಗೆ, ಅಲ್ಲಿಂದ ಬ್ಯಾಟರಿಗೆ. ಪಟ್ಟಿ ಇಲ್ಲದಿದ್ದರೆ ಇಂಜಿನ್ನಿಂದ ಗಾಡಿಯ ಮೈಗೆ ಎಲ್ಲೆಲ್ಲಿ ಕಬ್ಬಿಣದ ಸಂಪರ್ಕ ಇದೆಯೋ ಅಲ್ಲೆಲ್ಲ ಕರೆಂಟ್ ನುಗ್ಗುತ್ತೆ. ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಅಷ್ಟೇ ಇರೋದು. ಡೀಸೆಲ್ ಗಾಡಿಯ ಸೆಲ್ಫ್ ಎಳೆಯೋದು ಇನ್ನೂರು ಮುನ್ನೂರು ಆಂಪಿಯರ್. ತೋಟದ ಕಾಲುವೆ ನೀರನ್ನೆಲ್ಲ ಒಂದು ಡ್ರಿಪ್ ಪೈಪಿಗೆ ಬಿಟ್ಟ ಹಾಗೆ. ಕೇಬಲ್ ಕಾಯದೆ ಇನ್ನೇನಾಗುತ್ತೆ? ನೆಲದ ಮೇಲೆ ಸೆಲ್ಫ್ ಜೋರಾಗಿ ತಿರುಗಿದ್ದು ಯಾಕೆ ಅಂದರೆ ಅಲ್ಲಿ ನೀವೇ ಕರಿ ಕ್ಲಿಪ್ಪನ್ನ ಅದರ ಮೈಗೆ ಹಿಡಿದಿದ್ರಿ. ಟ್ರ್ಯಾಕ್ಟರ್ ಜಂಪಿನಲ್ಲೂ ಕರಿ ಕ್ಲಿಪ್ ಇಂಜಿನ್ನಿಗೆ ಹಾಕಿದ್ದರೆ ನಿನ್ನೆಯೇ ಗೊತ್ತಾಗ್ತಿತ್ತು.

ಆಕ್ಸಿಲರೇಟರ್ ಕೇಬಲ್ಲನ್ನ ಪಂಪಿನ ಕಡೆ, ಸ್ಪೀಡೋಮೀಟರ್ ಕೇಬಲ್ಲನ್ನ ಗೇರ್‌ಬಾಕ್ಸ್ ಕಡೆ ಕಳಚಿ ಪಕ್ಕಕ್ಕೆ ಕಟ್ಟಿ. ಜಂಪ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಎತ್ತುವ ಕೊಂಡಿಗೆ. ಮಲ್ಟಿಮೀಟರ್ ಇದ್ದರೆ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆದಾಗ ಎಷ್ಟು ತೋರಿಸುತ್ತೆ ಬರೆಯಿರಿ. ಎರಡು ಸೆಕೆಂಡ್ ಸಾಕು. ಪಂಪಿನ ಸ್ಟಾಪ್ ಲಿವರ್ (ಡೀಸೆಲ್ ನಿಲ್ಲಿಸೋ ಹಿಡಿ) ಯಾರಾದರೂ ಎಳೆದು ಹಿಡಿದಿರಲಿ, ಈಗಲೇ ಸ್ಟಾರ್ಟ್ ಆಗೋದು ಬೇಡ.

ಕೋಣಂದೂರು ತೋಟ
ಭಾನುವಾರ, ಸಂಜೆ 5:45

ಕೈ ಮುಗಿದೆ. ಜಂಪ್ ಕೇಬಲ್ ಇಂಜಿನ್ನಿಗೆ ಸಿಕ್ಕಿಸಿದ್ದೇ ತಡ, ಇಂಜಿನ್ ಗಿರಗಿರ ತಿರುಗ್ತು. ಭಾವ ಸ್ಟಾಪ್ ಲಿವರ್ ಹಿಡಿದಿದ್ದವರು ಹೆದರಿ ಹಾರಿದ್ರು.

ಟೆಸ್ಟರ್ ಲೆಕ್ಕ ಇಲ್ಲಿದೆ. ಹುಚ್ಚು ಕುತೂಹಲಕ್ಕೆ ಕೇಬಲ್ಲುಗಳನ್ನ ವಾಪಸ್ ಸಿಕ್ಕಿಸಿ, ಜಂಪ್ ತೆಗೆದು, ಒಂದೇ ಒಂದು ಸೆಕೆಂಡ್ ಹೊಡೆದು ನೋಡಿದೆ (ಬೈಬೇಡಿ). ಬ್ಯಾಟರಿಯ ಎರಡು ತುದಿಗೆ 11.6 ವೋಲ್ಟ್. ಬ್ಯಾಟರಿ ಮೈನಸ್ಸಿಂದ ಬ್ಲಾಕಿಗೆ 6.2. ಜಂಪ್ ಹಾಕಿದಾಗ ಬ್ಯಾಟರಿಗೆ 10.1, ಮೈನಸ್ಸಿಂದ ಬ್ಲಾಕಿಗೆ 0.4.

ಪಟ್ಟಿ ಎಲ್ಲಿ ಹೋಯ್ತು ಅಂತ ನೆನಪಾಯ್ತು. ಇಂಜಿನ್ ಬಿಚ್ಚುವಾಗ ಹೆಣೆದ ತಾಮ್ರದ ಪಟ್ಟಿಯೊಂದು ಬೆಲ್ ಹೌಸಿಂಗ್ (ಕ್ಲಚ್ ಮುಚ್ಚೋ ಕವಚ) ಹತ್ತಿರ ಬ್ಲಾಕಿಗೆ ಬೋಲ್ಟ್ ಆಗಿತ್ತು. ಚಾಸಿ ಕಡೆ ಬಿಚ್ಚಿ, ಇಂಜಿನ್ ಕಡೆ ಇರಲಿ, ಕಳೆದುಹೋಗೋದಿಲ್ಲ ಅಂತ ಹಾಗೇ ಬಿಟ್ಟಿದ್ದೆ. ಆ ಇಂಜಿನ್ನನ್ನ ಪಟ್ಟಿ ಸಮೇತ ಗುಜರಿಗೆ ಕೊಟ್ಟು ಬಂದಿದೀನಿ.

ಭದ್ರಾವತಿ ವೈರಿಂಗ್
ಭಾನುವಾರ, ಸಂಜೆ 6:20

ಒಂದು ಸೆಕೆಂಡಿಗೂ ಬೈತೀನಿ. ಆದರೆ ಲೆಕ್ಕ ಚೆನ್ನಾಗಿದೆ. 11.6ರಲ್ಲಿ 6.2 ಬರೀ ವಾಪಸ್ ದಾರಿಯಲ್ಲೇ ಹೋಯ್ತು, ಸೆಲ್ಫಿಗೆ ಸಿಕ್ಕಿದ್ದು ಐದು ಚಿಲ್ಲರೆ. ಗಮನಿಸಿ, ಸೆಲ್ಫ್ ಮುಲುಗುವಾಗ ಬ್ಯಾಟರಿ 11.6ರಲ್ಲಿ ಆರಾಮಾಗಿತ್ತು. ಬ್ಯಾಟರಿ ಸತ್ತಿದ್ದರೆ ಅದೇ ಎಂಟೊಂಬತ್ತಕ್ಕೆ ಬೀಳ್ತಿತ್ತು. ಸೆಲ್ಫ್ ನಿಧಾನ, ಬ್ಯಾಟರಿ ವೋಲ್ಟೇಜ್ ಮಾತ್ರ ಮೇಲೆ ಅಂದರೆ ದಾರಿಯಲ್ಲಿ ಎಲ್ಲೋ ತಡೆ. ಸೆಲ್ಫ್ ಸರಿಯಾಗಿ ತಿರುಗುವಾಗ 10.1ಕ್ಕೆ ಇಳಿದಿದೆ ನೋಡಿ, ಈಗ ಅದು ನಿಜವಾಗಿ ಕೆಲಸ ಮಾಡ್ತಿದೆ.

ಪಟ್ಟಿ ಸಿಗದಿದ್ದರೆ ವೆಲ್ಡಿಂಗ್ ಕೇಬಲ್ 35 ಚದರ ಮಿ.ಮೀ. ಒಂದೂವರೆ ಅಡಿ, ಎರಡೂ ಕಡೆ ತಾಮ್ರದ ಲಗ್ (ಬೋಲ್ಟ್ ಹೋಗೋ ತೂತಿನ ತುದಿ) ಒತ್ತಿಸಿ. ಬ್ಲಾಕಿಗೂ ಚಾಸಿಗೂ ನೇರ.

ಕೆಎ14 ಗ್ಯಾರೇಜ್
ಭಾನುವಾರ, ರಾತ್ರಿ 8:00

ವೈರಿಂಗ್‌ನವರು ಹಿಡಿದದ್ದು ಸರಿ. ನಾನು ಇಂಜಿನ್ ಕಡೆಯೇ ನೋಡ್ತಿದ್ದೆ.

ಆದರೆ ಇನ್ನೊಂದು ಅಪಾಯ ಉಳಿದಿದೆ. ಆಕ್ಸಿಲರೇಟರ್ ಕೇಬಲ್ ಕೈ ಸುಡುವಷ್ಟು ಕಾದಿದೆ ಅಂದರೆ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟಿರುತ್ತೆ. ಅದನ್ನೇ ಹಾಕಿ ಸ್ಟಾರ್ಟ್ ಮಾಡಿ, ಒಂದು ಸಲ ಪೆಡಲ್ ಒತ್ತಿದರೆ ವಾಪಸ್ ಬರೋದಿಲ್ಲ. ಇಂಜಿನ್ ಕಿರುಚಿಕೊಂಡು ಮೇಲೆ ಹೋಗುತ್ತೆ. ಅದನ್ನ ಬಿಸಾಡಿ ಹೊಸದು ತನ್ನಿ. ಸ್ಪೀಡೋಮೀಟರ್ ಕೇಬಲ್ಲೂ ಎಳೆದು ನೋಡಿ.

ಮೊದಲ ಸ್ಟಾರ್ಟಿಗೆ ಮುಂಚೆ ಸ್ಟಾಪ್ ಲಿವರ್ ಎಳೆದು ಹಿಡಿದು ಸೆಲ್ಫ್ ಹೊಡೀರಿ, ಆಯಿಲ್ ದೀಪ ಆರುವವರೆಗೆ. ಒಂದು ಸಲಕ್ಕೆ ಹತ್ತು ಸೆಕೆಂಡ್, ಮಧ್ಯ ಒಂದು ನಿಮಿಷ ಬಿಡುವು. ಸ್ಟಾರ್ಟ್ ಮಾಡುವಾಗ ಒಬ್ಬರು ಸ್ಟಾಪ್ ಲಿವರ್ ಹತ್ತಿರ ನಿಂತಿರಲಿ. ಏರ್ ಕ್ಲೀನರ್ ಪೈಪ್ ಕಳಚಿಟ್ಟು, ಅದರ ಬಾಯಿ ಮುಚ್ಚುವಷ್ಟು ಒಂದು ಹಲಗೆ ತುಂಡು ಪಕ್ಕದಲ್ಲಿರಲಿ. ಲಿವರ್ ಕೇಳದೆ ಓಡಿದರೆ ಗಾಳಿ ಮುಚ್ಚೋದೊಂದೇ ದಾರಿ. ಹಲಗೆಯಲ್ಲೇ ಮುಚ್ಚಿ, ಕೈ ಇಡಬೇಡಿ. ಬೇಗ ಸ್ಟಾರ್ಟ್ ಆಗೋಕೆ ಗಾಳಿ ಪೈಪಿಗೆ ಪೆಟ್ರೋಲು, ಸ್ಪ್ರೇ ಹಾಕಿ ಅಂತ ಯಾರಾದರೂ ಹೇಳಿದರೆ ಅಂಗಳದಿಂದ ಆಚೆ ಕಳಿಸಿ.

ಕೋಣಂದೂರು ತೋಟ
ಮಂಗಳವಾರ, ರಾತ್ರಿ 8:30

ನಿನ್ನೆ ತೀರ್ಥಹಳ್ಳಿಗೆ ಹೋಗಿ ಕೇಬಲ್ಲೂ ವೆಲ್ಡಿಂಗ್ ವೈರೂ ತಂದೆ. ಹಳೆ ಆಕ್ಸಿಲರೇಟರ್ ಕೇಬಲ್ ಬಿಚ್ಚಿ ಎರಡು ಕೈಯಲ್ಲಿ ಎಳೆದೆ, ಒಳಗಿನ ತಂತಿ ಒಂದು ನೂಲೂ ಅಲ್ಲಾಡಲಿಲ್ಲ. ಹೊರಗಿನ ಕವಚ ಸೀಳಿದರೆ ಪ್ಲಾಸ್ಟಿಕ್ ಕರಗಿ ಜೋನಿಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಗ್ಯಾರೇಜ್ ಅಣ್ಣ ಹೇಳದಿದ್ದರೆ ಅದನ್ನೇ ವಾಪಸ್ ಹಾಕ್ತಿದ್ದೆ.

ಅರ್ತಿಂಗ್ ಹಾಕಿದೆ. ಸೆಲ್ಫ್ ಪರವಾಗಿಲ್ಲ, ಆದರೆ ಜಂಪ್ ಹಾಕಿದಾಗಿನ ಜೋರು ಇಲ್ಲ. ಟೆಸ್ಟರಿನಲ್ಲಿ ಮೈನಸ್ಸಿಂದ ಬ್ಲಾಕಿಗೆ 2.3 ತೋರಿಸ್ತಿದೆ.

ಭದ್ರಾವತಿ ವೈರಿಂಗ್
ಮಂಗಳವಾರ, ರಾತ್ರಿ 8:45

ಇಂಜಿನ್ನಿಗೆ ಬೆಳ್ಳಿ ಬಣ್ಣ ಬಳಿದಿದೆಯಾ?

ಕೋಣಂದೂರು ತೋಟ
ಮಂಗಳವಾರ, ರಾತ್ರಿ 8:50

ಮದುಮಗಳ ಹಾಗೆ ಮಿಂಚ್ತಿದೆ.

ಭದ್ರಾವತಿ ವೈರಿಂಗ್
ಮಂಗಳವಾರ, ರಾತ್ರಿ 8:55

ಲಗ್ ಕೂರೋ ಜಾಗದಲ್ಲಿ ಎಮರಿ ಹಾಕಿ ಬಿಳಿ ಕಬ್ಬಿಣ ಕಾಣೋವರೆಗೆ ಉಜ್ಜಿ. ಚಾಸಿ ಕಡೆಯೂ. ಬಿಗಿ ಮಾಡಿದ ಮೇಲೆ ಹೊರಗಿಂದ ಗ್ರೀಸ್ ಬಳಿಯಿರಿ, ನಿಮ್ಮ ಕಡೆ ಮಳೆಗೆ ಒಂದೇ ವರ್ಷಕ್ಕೆ ತುಕ್ಕು ಹಿಡಿಯುತ್ತೆ. 0.2ರ ಆಸುಪಾಸು ಬಂದರೆ ಸಾಕು.

ಕೋಣಂದೂರು ತೋಟ
ಬುಧವಾರ, ಮಧ್ಯಾಹ್ನ 12:40

0.15!

ಸೆಲ್ಫ್ ಹಾರ್ತಿದೆ. ಆಯಿಲ್ ದೀಪ ಮೂರನೇ ಸಲಕ್ಕೆ ಆರಿತು. ಆದರೆ ಇಂಜಿನ್ ಹತ್ತುತ್ತಿಲ್ಲ. ಒಂದು ಸಲ ಎರಡು ಕೆಮ್ಮು ಕೆಮ್ಮಿ ಸುಮ್ಮನಾಯ್ತು. ಪಂಪ್ ಟೈಮಿಂಗಾ?

ಸಾಗರ ಹಳೇ ಜೀಪ್
ಬುಧವಾರ, ಮಧ್ಯಾಹ್ನ 1:00

ಈ ಸಲ ಎಳೆಸಿ ಅನ್ನಲ್ಲ. ಸೈಲೆನ್ಸರಿನಲ್ಲಿ ಹೊಗೆ ಬರ್ತಾ ಇದೆಯಾ? ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗ್ತಿದೆ, ಉರೀತಿಲ್ಲ, ಆಗ ಟೈಮಿಂಗ್ ಅನುಮಾನ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಹೋಗ್ತಿಲ್ಲ, ಲೈನಿನಲ್ಲಿ ಏರ್. ಎರಡು ಕೆಮ್ಮಿ ನಿಂತದ್ದು ನೋಡಿದರೆ ನನಗೆ ಏರ್ ಅನ್ನಿಸ್ತದೆ.

ಕೋಣಂದೂರು ತೋಟ
ಬುಧವಾರ, ಮಧ್ಯಾಹ್ನ 1:10

ಹೊಗೆ ಒಂದು ಎಳೆಯೂ ಇಲ್ಲ.

ಸಾಗರ ಹಳೇ ಜೀಪ್
ಬುಧವಾರ, ಮಧ್ಯಾಹ್ನ 1:30

ಏರೇ. ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತಾ ಇರಿ. ಮೊದಲು ಬರೀ ನೊರೆ, ಹಾಲು ಕರೆದ ಹಾಗೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ನಾಲ್ಕೂ ನೋಝಲ್ ಪೈಪಿನ ನಟ್ಟುಗಳನ್ನ ನೋಝಲ್ ಕಡೆ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೀರಿ. ನಾಲ್ಕರಲ್ಲೂ ಡೀಸೆಲ್ ಚಿಮ್ಮಿದ ಮೇಲೆ ಬಿಗಿ. ಮುಖ ಹತ್ತಿರ ತರಬೇಡಿ, ಕೈಯನ್ನೂ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತೆ, ಆಸ್ಪತ್ರೆ ಕೇಸು.

ನೊರೆ ನಿಲ್ಲದೇ ಬರ್ತಾನೇ ಇದ್ದರೆ ಟ್ಯಾಂಕಿಂದ ಬರೋ ಪೈಪ್, ಬ್ಯಾಂಜೊ ಬೋಲ್ಟಿನ (ಪೈಪ್ ಕೂಡಿಸೋ ಟೊಳ್ಳು ಬೋಲ್ಟು) ತಾಮ್ರದ ವಾಷರ್ ನೋಡಿ. ಹಳೆ ವಾಷರನ್ನೇ ಹಾಕಿದೀರಿ ಅಂತ ನನಗೆ ಈಗಲೇ ಗೊತ್ತು.

ಕೋಣಂದೂರು ತೋಟ
ಬುಧವಾರ, ಸಂಜೆ 6:50

ಹಳೆ ವಾಷರನ್ನೇ ಹಾಕಿದ್ದೆ. ಹೇಗೆ ಗೊತ್ತಾಯ್ತು ಮಾರಾಯ್ರೆ?

ನೊರೆ ನಿಲ್ಲಲೇ ಇಲ್ಲ. ಫಿಲ್ಟರಿನ ಬ್ಯಾಂಜೊ ಬಿಚ್ಚಿ, ಅಂಗಡಿಗೆ ಓಡೋಕೆ ಹೊತ್ತಿಲ್ಲದೆ, ವಾಷರನ್ನ ಒಲೆ ಕೆಂಡದಲ್ಲಿ ಕೆಂಪಗೆ ಕಾಸಿ ನೀರಿಗೆ ಹಾಕಿದೆ. ಮೆತ್ತಗಾಯ್ತು. ಹಾಕಿ ಬಿಗಿ ಮಾಡಿ ಪ್ರೈಮರ್ ಒತ್ತಿದರೆ ಹತ್ತೇ ಸಲಕ್ಕೆ ನೊರೆ ಹೋಯ್ತು. ನಾಲ್ಕು ಪೈಪಲ್ಲೂ ಚಿಮ್ಮಿತು. ಬಿಗಿ ಮಾಡಿ, ಭಾವನ ಕೈಗೆ ಹಲಗೆ ಕೊಟ್ಟು ಕೀ ತಿರುಗಿಸಿದೆ. ಒಂದು ಕೆಮ್ಮು, ಬಿಳಿ ಹೊಗೆ ಅಂಗಳ ತುಂಬ, ಆಮೇಲೆ ಹತ್ತಿಕೊಂಡ್ತು. ಎರಡು ನಿಮಿಷಕ್ಕೆ ಹೊಗೆ ತಿಳಿಯಾಯ್ತು. ಹರಡಿದ ಅಡಿಕೆಗೆಲ್ಲ ಡೀಸೆಲ್ ವಾಸನೆ ಅಂತ ಅಮ್ಮ ಇನ್ನೂ ಮಾತಾಡ್ತಿಲ್ಲ.

ನಿಂತಲ್ಲಿ ಗಾಡಿ ಸ್ವಲ್ಪ ನಡುಗುತ್ತೆ.

ಕೆಎ14 ಗ್ಯಾರೇಜ್
ಬುಧವಾರ, ರಾತ್ರಿ 9:15

ಸಂತೋಷ. ನಡುಕಕ್ಕೆ ಮೌಂಟಿಂಗ್ ಬೋಲ್ಟುಗಳನ್ನ ಸಡಿಲಿಸಿ, ಇಂಜಿನ್ ಐದು ನಿಮಿಷ ಓಡಿ ತಾನಾಗಿ ಕೂರಲಿ, ನಿಲ್ಲಿಸಿ ಬಿಗಿ ಮಾಡಿ. ಚೈನ್ ಬ್ಲಾಕಿನಲ್ಲಿ ತೂಗಾಡುವಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡಿರುತ್ತೆ. ರೇಡಿಯೇಟರಿಗೆ ಕೂಲೆಂಟ್ ಎರಡು ಮೂರು ಸಲ ತುಂಬಬೇಕಾಗುತ್ತೆ, ಗಾಳಿ ನಿಧಾನ ಹೊರಗೆ ಬರುತ್ತೆ. ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೀರಿ. ಮತ್ತೆ ಎಲ್ಲ ಹೋಸೂ ಹೊಸದು, ಕೆಳಗಿನದ್ದಂತೂ ಕಡ್ಡಾಯ.

ಕೊಪ್ಪ ಎಸ್ಟೇಟ್
ಗುರುವಾರ, ಬೆಳಗ್ಗೆ 6:50

ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಆರ್‌ಸಿಯಲ್ಲಿರೋದು ಹಳೆ ಇಂಜಿನ್ ನಂಬರು. ಬ್ಲಾಕಿನ ಮೇಲಿನ ನಂಬರಿಗೂ ಪುಸ್ತಕಕ್ಕೂ ತಾಳೆ ಇಲ್ಲ ಅಂದರೆ ಎಫ್‌ಸಿಗೆ ಅಂದರೆ ಫಿಟ್ನೆಸ್ ತಪಾಸಣೆಗೆ ಹೋದಾಗ ಸಿಕ್ಕಿಬೀಳ್ತೀರಿ, ಅಪಘಾತ ಗಿಪಘಾತ ಆದರೆ ಇನ್ಶೂರೆನ್ಸಿನವರೂ ಅದನ್ನೇ ಹಿಡೀತಾರೆ. ಗಾಡಿ ಮಾರ್ಪಾಡಿನ ವಿಷಯ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಬಿಲ್ಲು ತಗೊಂಡು ಆರ್‌ಟಿಓಗೆ ಹೋಗಿ ಹೊಸ ನಂಬರ್ ಏರಿಸಿಕೊಳ್ಳಿ.

ಕೋಣಂದೂರು ತೋಟ
ಗುರುವಾರ, ರಾತ್ರಿ 9:00

ಬಿಲ್ಲಿನಲ್ಲಿ "ಇಂಜಿನ್ ಒಂದು" ಅಂತ ಮಾತ್ರ ಇತ್ತು. ಇವತ್ತು ಅದನ್ನ ಹಿಡ್ಕೊಂಡು ಗುಜರಿಗೇ ಹೋಗಿ ನಂಬರ್ ಬರೆಸಿ ಸೀಲ್ ಹಾಕಿಸಿಕೊಂಡು ಬಂದೆ. ಬಸ್ಸಲ್ಲೇ ಹೋದೆ, ನಂಬರ್ ಏರೋವರೆಗೆ ಗಾಡಿ ಗೇಟು ದಾಟಲ್ಲ. ನನ್ನ ಹಳೆ ಇಂಜಿನ್ ಅಲ್ಲೇ ಮೂಲೆಯಲ್ಲಿ ಮಲಗಿತ್ತು, ತಾಮ್ರದ ಪಟ್ಟಿ ನೇತಾಡ್ತಿತ್ತು. ನಂದೇ ಅಲ್ವಾ, ಬಿಚ್ಚಿಕೊಳ್ಳಲಾ ಅಂದೆ. ತಾಮ್ರ ಕೆ.ಜಿ. ಲೆಕ್ಕ, ತೂಕ ಹಾಕ್ತೀನಿ ಅಂದ್ರು. ಬಿಟ್ಟು ಬಂದೆ, ವೆಲ್ಡಿಂಗ್ ವೈರೇ ಚೆನ್ನಾಗಿದೆ.

ಸೋಮವಾರ ಆರ್‌ಟಿಓ. ಹಂಚಿನ ಲೋಡು ಅವತ್ತು ಹೊಸಂಗಡಿಯಲ್ಲಿ ಪರಿಚಯದವರ ಅಂಗಳಕ್ಕೆ ಇಳಿಸಿ ಬಂದಿದ್ದು ಇನ್ನೂ ಅಲ್ಲೇ ಇದೆ. ಪುಸ್ತಕ ಕೈಗೆ ಬಂದ ಮೇಲೆ ತರೋಕೆ ಹೋಗ್ತೀನಿ, ಎರಡು ಟ್ರಿಪ್ಪಲ್ಲಿ, ಸೀಟಿನ ಹಿಂದೆ ಒಂದು ಹೋಸ್ ಪೈಪ್ ಇಟ್ಕೊಂಡು.